ಸದ್ದು ಇದೆ

ನಾಸಿಕ, ೩ ಜುಲೈ ೧೯೯೧

ನಿಮಗೆ ಮಂದಾಕಿನಿಯ ನಮಸ್ಕಾರ.

ಬದಲಿಯಾದ ಮೇಲೆ ಔರಂಗಾಬಾದಿಗೆ ಮುಟ್ಟಿದಿರೆಂಬ ಕಾರ್ಡು ಬಂತು. ಬ್ಯಾಂಕಿನವರು ಕೊಟ್ಟ ಕೋಣೆಗೆ ಕಿಡಕಿ ಇದೆ ಎಂದು ಬರೆದಿದ್ದೀರಿ. ಅದರಿಂದ ಏನು ಕಾಣುತ್ತದೆ ಎಂದು ಬರೆದಿಲ್ಲ.

ಇಲ್ಲಿ ಒಂದು ವಿಚಿತ್ರ. ಕೆಲವು ದಿನಗಳಿಂದ ಎಕ್ಸ್‌ಚೇಂಜಿನಲ್ಲಿ ನನ್ನ ಹೆಡ್‌ಸೆಟ್ಟಿನೊಳಗೆ ಒಂದು ಸದ್ದು. ದೂರದ ಲೈನಿನ ಆ ತುದಿಗೆ ಯಾರೋ ಮಾತಾಡದೆ ಬರೀ ಉಸಿರಾಡುತ್ತಿರುವ ಹಾಗೆ. ಟ್ರಂಕ್ ಬೋರ್ಡಿನ ಮೇಲೆ ಇಷ್ಟು ವರ್ಷ ಕೂತಿದ್ದೇನೆ, ಗಾಳಿಯ ಸದ್ದು, ಮಳೆಯ ಸದ್ದು, ತಂತಿಗೆ ತಂತಿ ತಾಕಿದ ಸದ್ದು ಎಲ್ಲ ಗುರುತು. ಇದು ಗುರುತಿನದಲ್ಲ. ಮೆಕ್ಯಾನಿಕ್ ಭುಜಂಗರಾವ್ ಹೆಡ್‌ಸೆಟ್ ಬಿಚ್ಚಿ, ಊದಿ, ಜೋಡಿಸಿ, ಇದರಲ್ಲಿ ಏನೂ ಇಲ್ಲ ಮಂದಾಕಿನಿಬಾಯಿ ಎಂದರು. ಪಕ್ಕದ ಬೋರ್ಡಿನ ಸುಮನ, "ನಿನ್ನ ಕಿವಿಗೆ ಯಾರೋ ಕಾಲ್ ಬುಕ್ ಮಾಡಿದ್ದಾರೆ, ಲೈನ್ ಸಿಗುತ್ತಿಲ್ಲ ಪಾಪ" ಎಂದು ನಗಿಸಿದಳು.

ಮನೆಗೆ ಬಂದು ಸೀರೆ ಬದಲಿಸುವಾಗಲೂ ಅದು ಇತ್ತು. ಬಲಗಿವಿಯಲ್ಲಿ. ಮೆಟ್ಟಿಲು ಹತ್ತಿದಾಗ ಅವಸರ ಮಾಡಿತು, ಕೂತಾಗ ನಿಧಾನವಾಯಿತು. ಮುಂಗೈ ಹಿಡಿದು ನೋಡಿದೆ. ನಾಡಿಯ ಪೆಟ್ಟಿಗೆ ಪೆಟ್ಟು ಸರಿಯಾಗಿ ಕೂಡುತ್ತಿತ್ತು.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಬೋರ್ಡಿನ ಮೇಲೆ ಯಾರ ಮಾತನ್ನು ಯಾರು ಕೇಳುತ್ತಾರೆ ಎಂಬುದು ನನಗಲ್ಲದೆ ಯಾರಿಗೆ ಗೊತ್ತು? ಆಪರೇಟರಿನ ಕಿವಿ ಕೆಟ್ಟಿತು ಎಂದರೆ ಎಬ್ಬಿಸಿ ಫೈಲಿನ ಮುಂದೆ ಕೂಡಿಸುತ್ತಾರೆ. ಅದಕ್ಕೆ ಈ ಪತ್ರ.

ಮಂದಾಕಿನಿ


ಔರಂಗಾಬಾದ್, ೧೧ ಜುಲೈ

ಮಂದಾ,

ಕಿಡಕಿಯಿಂದ ಎದುರಿನ ಮನೆಯ ಗೋಡೆ ಕಾಣುತ್ತದೆ. ಅದಕ್ಕೇ ಬರೆದಿರಲಿಲ್ಲ.

ಇಷ್ಟು ವರ್ಷ ಒಂದೇ ಕಿವಿಯ ಮೇಲೆ ಮಂದಿಯ ಮಾತು ಸುರಿದರೆ ಅದೂ ಏನಾದರೂ ಅನ್ನಲೇಬೇಕಲ್ಲ. ಗುಗ್ಗೆ ಕಟ್ಟಿರಬೇಕು. ಕಿವಿ ಡಾಕ್ಟರರ ಹತ್ತಿರ ಹೋಗಿ ತೊಳಿಸಿಕೊ. ನಾಡಿಯ ಜೊತೆ ಕೂಡುತ್ತದೆ ಎಂದಿದ್ದೀ. ನೀನು ಎಣಿಸುತ್ತ ಕೂತರೆ ಗಡಿಯಾರವೂ ನಾಡಿಯ ಜೊತೆ ಕೂಡುತ್ತದೆ.

ಬಿಂದುಮಾಧವ


ನಾಸಿಕ, ೨೫ ಜುಲೈ
(ಅಂಚೆ ಕಾರ್ಡು)

ನಮಸ್ಕಾರ. ಡಾಕ್ಟರರು ನೋಡಿದರು. ಗುಗ್ಗೆ ಇಲ್ಲ. ನರದ ದೋಷ ಇರಬಹುದು ಅಂದರು. ದೊಡ್ಡ ತಪಾಸಣೆ ಮಾಡಿಸಬೇಕಂತೆ. ಗಣಪತಿ ಹಬ್ಬ ಆಗಲಿ ನೋಡೋಣ. ನೀವು ಊಟ ಬಿಡಬೇಡಿ. ಮಂದಾಕಿನಿ.


ಔರಂಗಾಬಾದ್, ೪ ಆಗಸ್ಟ್

ಮಂದಾ,

ನಿನ್ನ ಕಾರ್ಡು ಓದಿದ ದಿನವೇ ನಮ್ಮ ಬ್ಯಾಂಕಿನ ಗಿರಾಕಿ ಡಾಕ್ಟರ್ ವೈಜನಾಥರನ್ನು ಕಂಡೆ. ನರದ ದೋಷ ಎಂದದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ. "ನರ್ವ್ಸ್" ಎಂದು ತಲೆ ಆಡಿಸಿದರು. ಮನೆಯವರು ಒಬ್ಬರೇ ಇರುತ್ತಾರಾ? ಇರುತ್ತಾರೆ. ಮಕ್ಕಳು? ಇಲ್ಲ. ಪಾಳಿಯ ಕೆಲಸವಾ? ಹೌದು. ಇನ್ನೇನೂ ಕೇಳಲಿಲ್ಲ. ಇಂಥವರಿಗೆ ಕಿವಿಯಲ್ಲಿ ಸದ್ದು, ಎದೆಯಲ್ಲಿ ಡವಡವ ಸಾಮಾನ್ಯವಂತೆ. ದೊಡ್ಡ ತಪಾಸಣೆ ಎಂಬುದೆಲ್ಲ ಹೆದರಿದವರನ್ನು ಇನ್ನಷ್ಟು ಹೆದರಿಸುವ ಕೆಲಸ, ಬೇಡ ಎಂದರು.

ಗುಳಿಗೆ ಬರೆದುಕೊಟ್ಟಿದ್ದಾರೆ. ರಾಧಾಬಾಯಿ ಅಕ್ಕನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳು ಧಾರವಾಡದಿಂದ ಇಲ್ಲಿಗೆ ಬಂದಿದ್ದಾಳೆ, ನಿನ್ನ ಜೊತೆ ಸ್ವಲ್ಪ ದಿನ ಇರುತ್ತಾಳೆ. ನೀನು ಬೇಡ ಅನ್ನಬೇಡ. ತಪ್ಪು ನಿನ್ನದಲ್ಲ. ಇಬ್ಬರನ್ನು ಎರಡು ಊರಿನಲ್ಲಿ ಇಟ್ಟವರದು.

ಬಿಂದುಮಾಧವ


ನಾಸಿಕ, ೩೦ ಆಗಸ್ಟ್

ನಮಸ್ಕಾರ.

ಇಷ್ಟು ದಿನ ಬರೆಯಲಿಲ್ಲ. ನಿಮ್ಮ ಗುಳಿಗೆ ತೆಗೆದುಕೊಂಡು ಬೋರ್ಡಿನ ಮೇಲೆ ತೂಕಡಿಸಿದೆ. ಸಿನ್ನರಿನ ಕಾರ್ಖಾನೆಯ ಮ್ಯಾನೇಜರರನ್ನು ಅವರ ಪುಣೆಯ ಸಾಹೇಬರಿಗೆ ಸೇರಿಸುವ ಬದಲು ಒಬ್ಬ ಉಳ್ಳಾಗಡ್ಡಿ ವ್ಯಾಪಾರಿಗೆ ಸೇರಿಸಿದೆ. ಅವರಿಬ್ಬರೂ ಬಹಳ ಹೊತ್ತು ದರದ ಬಗ್ಗೆ ಜಗಳಾಡಿದರು. ಸೂಪರ್‌ವೈಜರ್ ಬಾಯಿ ನನ್ನನ್ನು ನೋಡಿದ ನೋಟ ಬರೆಯಲಾರೆ.

ಅಕ್ಕ ಬಂದ ದಿನ ಹೊಸ್ತಿಲಲ್ಲೇ ನಿಂತು ನನ್ನ ಮುಖ ನೋಡಿದರು. "ಏನ ಮಂದಾ, ನೀ ಹುಚ್ಚಿ ಹಂಗ ಏನೂ ಕಾಣಂಗಿಲ್ಲಲ್ಲ? ಬಿಂದ್ಯಾ ಏನೇನೋ ಹೇಳಿ ಕಳಿಸ್ಯಾನ" ಎಂದರು. ನೀವು ಏನೇನು ಹೇಳಿ ಕಳಿಸಿದ್ದೀರಿ ಎಂದು ನಾನು ಕೇಳಲಿಲ್ಲ.

ಮೊನ್ನೆ ಮಧ್ಯಾಹ್ನ ತಲೆ ಬಾಚುತ್ತಿದ್ದರು. ಬಾಚಣಿಕೆ ನಿಂತಿತು. "ತಡೀ, ಅಲ್ಲಾಡಬ್ಯಾಡ" ಎಂದು ನನ್ನ ಬಲಗಿವಿಯ ಹಿಂದೆ ತಮ್ಮ ಕಿವಿ ಒತ್ತಿ ಹಿಡಿದರು. ಆಮೇಲೆ ಕೈಯಲ್ಲಿದ್ದ ಬಾಚಣಿಕೆ ಬಿಟ್ಟು ಹಿಂದೆ ಸರಿದರು.

"ಅಯ್ಯ ನಮ್ಮವ್ವಾ! ನಿನ್ನ ತಲ್ಯಾಗ ಯಾರೋ ಕೂತು ಜ್ವಾಳಾ ಕೇರ್ಲಿಕ್ಕತ್ತಾರಲ್ಲ!"

ನನಗೆ ಅಳು ಬಂತು. ಹೆದರಿಕೆಗಲ್ಲ. ಎರಡನೆಯವರು ಕೇಳಿದರಲ್ಲ, ಅದಕ್ಕೆ. "ಬಿಂದ್ಯಾಗ ಬರೀ, ಹುಚ್ಚು ನಿನಗಲ್ಲ, ಅವನ ಡಾಕ್ಟರಗ ಅಂತ ಬರೀ" ಎಂದಿದ್ದಾರೆ. ಬರೆದಿದ್ದೇನೆ.

ಕಾರ್ಡಿನಲ್ಲಿ ಬರೆಯದೆ ಬಿಟ್ಟದ್ದು ಇಷ್ಟು. ಇಲ್ಲಿಯ ಡಾಕ್ಟರರು ನನ್ನ ಕುತ್ತಿಗೆಯ ಬಲಗಡೆ ಬೆರಳಿನಿಂದ ಒತ್ತಿದರು. ಸದ್ದು ಪೂರ್ತಿ ನಿಂತಿತು. ಬೆರಳು ತೆಗೆದರು, ಬಂತು. ಮತ್ತೆ ಒತ್ತಿದರು, ನಿಂತಿತು. ಆಗ ಅವರ ಮುಖ ಗಂಭೀರವಾಯಿತು. "ಶೀರ ಆಹೇ" ಎಂದು ಮರಾಠಿಯಲ್ಲಿ ಹೇಳಿದರು. ರಕ್ತದ ನರ. ಅವರ ಮುಖವನ್ನು ಕಾರ್ಡಿನ ಮೇಲೆ ಹೇಗೆ ಬರೆಯಬೇಕೋ ತಿಳಿಯಲಿಲ್ಲ, ಬಿಟ್ಟೆ. ಗುಳಿಗೆ ನಿಲ್ಲಿಸಿದ್ದೇನೆ.

ಮಂದಾಕಿನಿ


ಔರಂಗಾಬಾದ್, ೬ ಸೆಪ್ಟೆಂಬರ್

ಮಂದಾ,

ಅವರು ಹೇಳಿದ ಶೀರ ನಿನ್ನ ಕಾರ್ಡಿನಲ್ಲಿ ನರ ಆಯಿತು. ನನ್ನ ಬಾಯಿಯಲ್ಲಿ ನರ್ವ್ ಆಯಿತು. ಮೂರು ಭಾಷೆ ದಾಟುವಷ್ಟರಲ್ಲಿ ನಿನ್ನ ರಕ್ತ ಮನಸ್ಸಾಗಿಬಿಟ್ಟಿತ್ತು. ನಮ್ಮ ಕಡೆ ರಕ್ತ ಹರಿಯುವುದಕ್ಕೂ ನರ ಎನ್ನುತ್ತೇವೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ನರ್ವ್ ಎಂದೇ ಹೇಳಿದೆ. ಯಾಕೆಂದು ಯೋಚಿಸುತ್ತಿದ್ದೇನೆ. ಅದು ಸುಲಭದ ರೋಗ.

ವೈಜನಾಥರಿಗೆ ಇವತ್ತು ಸರಿಯಾಗಿ ಹೇಳಿದೆ. ಪೆನ್ನು ಕೆಳಗಿಟ್ಟರು. ಇನ್ನೊಬ್ಬರ ಕಿವಿಗೆ ಕೇಳುವ ಸದ್ದಾದರೆ ಅದರ ಹಿಂದೆ ಒಂದು ಜಾಗ ಇರಲೇಬೇಕು, ಅದು ಎಲ್ಲಿ ಎಂದು ಚಿತ್ರ ತೆಗೆದು ನೋಡಬೇಕು, ತಡ ಮಾಡಬಾರದು ಎಂದರು. ನರ ಒಡೆಯಬಹುದಾ ಎಂದು ಕೇಳಿದೆ. ಚಿತ್ರ ತೆಗೆಯದೆ ಹೇಳಲಾಗದು ಎಂದರು.

ಹೋದ ಭಾನುವಾರ ಇನ್‌ಸ್ಪೆಕ್ಷನ್ನಿಗೆ ಬಂದವರನ್ನು ದೌಲತಾಬಾದಿಗೆ ಕರೆದೊಯ್ದಿದ್ದೆ. ಕೋಟೆಯ ಕತ್ತಲೆ ದಾರಿಯಲ್ಲಿ ಗೈಡು ಪಂಜು ಮುಚ್ಚಿ, ಶತ್ರುಗಳು ಇಲ್ಲಿ ದಾರಿ ತಪ್ಪುತ್ತಿದ್ದರು ಎಂದ. ಎಲ್ಲರೂ ಸುಮ್ಮನಾದರು. ನನ್ನ ಎದೆಯ ಬಡಿತ ನನ್ನ ಕಿವಿಗೆ ಬಂತು. ಸ್ವಲ್ಪ ಹೊತ್ತು ಅಷ್ಟೆ, ಪಂಜು ಮತ್ತೆ ಬೆಳಗಿತು. ನಿನಗೆ ಯಾರೂ ಬೆಳಗುವುದಿಲ್ಲ ಎಂಬುದು ಬಸ್ಸಿನಲ್ಲಿ ಹೊಳೆಯಿತು.

ತಲೆಯ ಸ್ಕ್ಯಾನ್ ಮಾಡಿಸು.

ಬಿಂದುಮಾಧವ


ನಾಸಿಕ, ೮ ಅಕ್ಟೋಬರ್

ನಮಸ್ಕಾರ.

ಸ್ಕ್ಯಾನ್ ಆಯಿತು. ಒಂದು ದೊಡ್ಡ ಉಂಗುರದೊಳಗೆ ತಲೆ ಇಡಿಸಿದರು. ಅಲ್ಲಾಡಬೇಡಿ ಎಂದರು. ನಾನು ಅಲ್ಲಾಡಲಿಲ್ಲ, ಒಳಗಿನದು ನಿಲ್ಲಲಿಲ್ಲ.

ಫಿಲ್ಮನ್ನು ಮನೆಗೆ ತಂದು ಕಿಡಕಿಗೆ ಹಿಡಿದೆ. ಹಾಳೆಯ ತುಂಬ ನನ್ನ ತಲೆಯ ಅಡ್ಡ ಹೋಳುಗಳು. ಬಲ ಎಂದು ಬರೆದದ್ದು ಎಡಗಡೆ ಇದೆ. ತಪ್ಪು ಮಾಡಿದ್ದಾರೆ, ಬೇರೆ ಕಿವಿಯನ್ನು ಕೊಯ್ಯುತ್ತಾರೆ ಎಂದು ಡಾಕ್ಟರರ ಹತ್ತಿರ ಓಡಿದೆ. ಅವರು ನಕ್ಕರು. ರೋಗಿಯ ಕಾಲ ಹತ್ತಿರ ನಿಂತು ನೋಡಿದ ಹಾಗೆ ತೆಗೆಯುತ್ತಾರಂತೆ. ಕಾಲ ಹತ್ತಿರ ಬಂದು ನಿಂತು ನೋಡುವುದು ಯಾವಾಗ ಎಂದು ನನಗೆ ಗೊತ್ತು.

ಫಿಲ್ಮಿನಲ್ಲಿ ಏನೂ ಇಲ್ಲ. ಗಂಟಿಲ್ಲ, ಎಲುಬು ಸರಿ ಇದೆ. ಅಕ್ಕ ದೇವರ ಮುಂದೆ ಸಕ್ಕರೆ ಇಟ್ಟರು. ಡಾಕ್ಟರರು ಮಾತ್ರ ಸಂತೋಷಪಡಲಿಲ್ಲ. ಇದು ನಿಂತ ವಸ್ತುಗಳ ಚಿತ್ರ, ನಿಮ್ಮದು ಹರಿಯುವ ವಸ್ತು, ರಕ್ತಕ್ಕೆ ಔಷಧ ಬೆರೆಸಿ ಅದು ಹರಿಯುವಾಗಲೇ ಹಿಡಿಯಬೇಕು ಎಂದರು. ಅದು ಮುಂಬಯಿಯಲ್ಲಿ. ಸಹಿ ಮಾಡಲು ನೀವು ಬರಬೇಕಂತೆ. ಆ ತಪಾಸಣೆಯಲ್ಲೇ ಕೆಲವರಿಗೆ ಕೈಕಾಲು ಹೋಗುತ್ತವಂತೆ. ಕೆಲವರಿಗೆ ಮಾತ್ರ ಎಂದು ಎರಡು ಸಲ ಹೇಳಿದರು.

ಬರುತ್ತೀರಲ್ಲ?

ಮಂದಾಕಿನಿ


ನಾಸಿಕ, ೩ ಡಿಸೆಂಬರ್

ನಮಸ್ಕಾರ.

ಮುಂಬಯಿಯಿಂದ ಬಂದು, ನೀವು ನನ್ನನ್ನು ಮನೆ ಮುಟ್ಟಿಸಿ ಹೋದ ಮೇಲೆ ಇದು ಮೊದಲ ಪತ್ರ. ಅಲ್ಲಿ ಎಂಟು ದಿನ ಜೊತೆಗಿದ್ದೆವು, ಮಾತಾಡಿದ್ದು ಕಡಿಮೆ. ಆ ಕೋಣೆಯೊಳಗೆ ನಡೆದದ್ದನ್ನು ನೀವು ಕೇಳಲಿಲ್ಲ, ಈಗ ಬರೆಯುತ್ತೇನೆ.

ತೊಡೆಯ ಸಂದಿನಿಂದ ನಳಿಕೆ ಏರಿಸಿದರು. ಉಸಿರು ಬಿಗಿ ಹಿಡಿಯಿರಿ ಎಂದರು. ಅರ್ಧ ಮುಖದ ಒಳಗಿನಿಂದ ಯಾರೋ ಬಿಸಿನೀರು ಸುರಿದ ಹಾಗಾಯಿತು. ಪಕ್ಕದ ಪರದೆಯ ಮೇಲೆ ಎಲೆಯಿಲ್ಲದ ಕರಿ ಗಿಡ ಎದ್ದಿತು. ಮೊದಲು ರಕ್ತ ಹೋಗುವ ನರ, ಆಮೇಲೆ ಮರಳುವ ನರ, ಹಾಗೆ ಕಾಣಬೇಕಂತೆ. ನನ್ನ ಬಲಗಿವಿಯ ಹಿಂದೆ ಮರಳುವ ನರ ಮೊದಲೇ ಕಪ್ಪಾಗಿ ನಿಂತಿತ್ತು. "ಇದರ ಪಾಳಿ ಇನ್ನೂ ಬಂದಿಲ್ಲ" ಎಂದು ದೊಡ್ಡ ಡಾಕ್ಟರರು ಕಲಿಯುವವರಿಗೆ ತೋರಿಸಿದರು. ನಡುವೆ ತಂತಿಗೆ ತಂತಿ ತಾಕಿದ ಹಾಗೆ ಒಂದು ಸಣ್ಣ ಜೋಡು. ಸದ್ದು ಅಲ್ಲಿಯದು. ಇಷ್ಟು ದಿನ ಕೇಳಿದ್ದನ್ನು ಕಣ್ಣಿನಿಂದ ನೋಡಿದೆ. ಅದು ಬಹಳ ಸಣ್ಣದಿತ್ತು.

ಸದ್ಯ ಮುಟ್ಟುವುದು ಬೇಡ, ದಿನಾ ಕುತ್ತಿಗೆ ಒತ್ತಿ ನೋಡಿ, ಜೋಡು ತಾನಾಗಿ ಮುಚ್ಚಬಹುದು ಎಂದದ್ದು ನಿಮಗೆ ಗೊತ್ತೇ ಇದೆ. ಬಲಗಡೆಯ ಕುತ್ತಿಗೆಯನ್ನು ಎಡಗೈಯಿಂದಲೇ ಒತ್ತಬೇಕು. ಮೆದುಳಿಗೆ ರಕ್ತ ಕಡಿಮೆಯಾದರೆ ಎಡಗೈ ಸೋತು ತಾನಾಗಿ ಬಿದ್ದುಬಿಡುತ್ತದೆ. ದಿನಾ ಒತ್ತುತ್ತೇನೆ. ಕೈ ಬೀಳುತ್ತದೋ ಎಂದು ಕಾಯುತ್ತ ಕೂಡುವುದು ಎಂಥದ್ದೆಂದು ನಿಮಗೆ ಹೇಗೆ ಹೇಳಲಿ. ಸುಮನ, "ಯಾಕವ್ವಾ, ನಿನ್ನ ಗಂಟಲ ನೀನೇ ಹಿಸುಕಿಕೊಳ್ಳುತ್ತೀ? ಆ ಕೆಲಸಕ್ಕೆ ಸೂಪರ್‌ವೈಜರ್ ಇದ್ದಾಳಲ್ಲ" ಎಂದಳು.

ಹೊರಡುವ ದಿನ ದೊಡ್ಡ ಡಾಕ್ಟರರು ನಿಮ್ಮನ್ನು ಹೊರಗೆ ಕರೆದರು. ಏನು ಹೇಳಿದರು?

ಮಂದಾಕಿನಿ


ಔರಂಗಾಬಾದ್, ೧೦ ಡಿಸೆಂಬರ್

ಮಂದಾ,

ರಜೆಯ ಸರ್ಟಿಫಿಕೇಟಿನ ಮಾತು, ಮತ್ತೇನಿಲ್ಲ.

ಅದೇ ಸರ್ಟಿಫಿಕೇಟನ್ನು ಹಚ್ಚಿ, ಹೆಂಡತಿಯ ಕಾಯಿಲೆಯ ಕಾರಣಕ್ಕೆ ನಾಸಿಕಕ್ಕೆ ಬದಲಿ ಕೇಳಿ ಅರ್ಜಿ ಹಾಕಿದ್ದೇನೆ. ಮೇಲಿನವರು ವಿಚಾರಿಸಬಹುದು.

ಇನ್ನು ಮೇಲೆ ಪ್ರತಿ ಪತ್ರದ ಮೊದಲ ಸಾಲಿನಲ್ಲೇ ಸದ್ದು ಇದೆಯೋ ಇಲ್ಲವೋ ಬರೆ. ಮರೆಯಬೇಡ. ವಾರಕ್ಕೊಂದು ಪತ್ರವಾದರೂ ಬರಲಿ.

ಬಿಂದುಮಾಧವ


ನಾಸಿಕ, ೧೯ ಡಿಸೆಂಬರ್

ಸದ್ದು ಇದೆ. ಥಂಡಿ ಬಹಳ. ಅಕ್ಕ ಧಾರವಾಡಕ್ಕೆ ಹೋದರು. ಹೋಗುವಾಗ ಕಿವಿಯ ಹಿಂದೆ ಕಿವಿ ಇಟ್ಟು, "ಇನ್ನೂ ಕೇರ್ಲಿಕ್ಕತ್ತಾಳ ನೋಡ ಮಾರಾಯ್ತಿ, ಎಷ್ಟ ಮಂದಿಗೆ ಅಡಿಗಿ ಅದನೋ" ಎಂದರು. ಕೈ ಇದುವರೆಗೆ ಬಿದ್ದಿಲ್ಲ.

ಮಂದಾಕಿನಿ


ಔರಂಗಾಬಾದ್, ೨೭ ಡಿಸೆಂಬರ್

ಮಂದಾ,

ಸದ್ದು ಇದೆ ಎಂದು ಓದಿ ಸಮಾಧಾನವಾಯಿತು. ಹೀಗೆಯೇ ಬರೆಯುತ್ತಿರು.

ಬಿಂದುಮಾಧವ


ನಾಸಿಕ, ೫ ಜನವರಿ ೧೯೯೨

ಸದ್ದು ಇದೆ.

ಸಮಾಧಾನವಾಯಿತು ಎಂದು ಬರೆದಿದ್ದೀರಿ. ಆ ಶಬ್ದವನ್ನು ಎರಡು ಸಲ ಓದಿದೆ. ಮೊದಲು ಕೈಬರಹ ತಪ್ಪಿದೆ ಅಂದುಕೊಂಡೆ, ಆಮೇಲೆ ಅರ್ಥವಾಯಿತು. ಅರ್ಜಿಯ ಹಿಂದೆ ಕಾಯಿಲೆ ಬೇಕು. ಆರ್ಡರು ಬರುವ ತನಕ ಅದು ನಿಲ್ಲಬಾರದು. ನಿಮ್ಮನ್ನು ದೂರುತ್ತಿಲ್ಲ. ಒಂದೇ ಮನೆಯಲ್ಲಿ ಇರಬೇಕೆಂಬುದು ನನ್ನ ಆಸೆಯೂ ಹೌದು. ನನ್ನ ಕಡೆಯಿಂದ ಕೊರತೆಯಾಗುವುದಿಲ್ಲ, ನೀವು ನಿಶ್ಚಿಂತೆಯಿಂದಿರಿ.

ಮಂದಾಕಿನಿ


ಔರಂಗಾಬಾದ್, ೧೩ ಜನವರಿ

ಮಂದಾ,

ನಿನ್ನ ಮಾತಿನಲ್ಲಿ ಏನೋ ಚುಚ್ಚು ಇದೆ, ಬಂದಾಗ ಜಗಳಾಡೋಣ. ಅರ್ಜಿ ಒಂದು ಕಾರಣ, ಅದೊಂದೇ ಅಲ್ಲ. ಹೆಚ್ಚು ಕೇಳಬೇಡ. ಸದ್ದು ಇದೆಯಲ್ಲ?

ಬಿಂದುಮಾಧವ


ನಾಸಿಕ, ೨೪ ಜನವರಿ

ಸದ್ದು ಇದೆ.

ನಿಮ್ಮ ಬ್ಯಾಂಕಿನ ಇಲ್ಲಿಯ ಶಾಖೆಯಿಂದ ಒಬ್ಬರು ವಿಚಾರಿಸಲು ಬಂದಿದ್ದರು. ಎಳ್ಳುಂಡೆ ಕೊಟ್ಟೆ. "ಈಗ ಹೇಗಿದೆ ವಹಿನಿ?" ಎಂದರು. ಹಾಗೇ ಇದೆ ಎಂದೆ. ಬರೆದುಕೊಂಡು ಹೋದರು.

ಬೆಳಿಗ್ಗೆ ಏಳುವಾಗ ತಲೆ ನೋಯುತ್ತದೆ. ಎಣ್ಣೆ ಹಚ್ಚಿದರೂ ಹೋಗುವುದಿಲ್ಲ. ಥಂಡಿಗೆ ಇರಬೇಕು. ಬೋರ್ಡಿನ ಸಣ್ಣ ದೀಪಗಳ ಸುತ್ತ ಬಳೆಯ ಹಾಗೆ ಬೆಳಕು ಕಾಣುತ್ತದೆ. ಚಸ್ಮಾ ಬದಲಿಸುವ ವಯಸ್ಸಾಯಿತು.

ಮಂದಾಕಿನಿ


ಔರಂಗಾಬಾದ್, ೧ ಫೆಬ್ರುವರಿ

ಮಂದಾ,

ಆರ್ಡರು ಬಂತು. ತಿಂಗಳ ಕೊನೆಗೆ ಇಲ್ಲಿಂದ ಬಿಡುಗಡೆ.

ನಿನ್ನ ಪತ್ರ ಆಡಿಟ್ಟಿನ ನಡುವೆ ಬಂದಿತ್ತು. ಮೊದಲ ಎರಡು ಶಬ್ದ ಓದಿ ಮಡಿಚಿ ಜೇಬಿಗಿಟ್ಟೆ. ಆ ಎರಡು ಸಾಕಾಗಿದ್ದವು. ಉಳಿದದ್ದನ್ನು ಆಮೇಲೆ ಓದಿದೆ. ಚಸ್ಮಾ ನಾನು ಬಂದ ಮೇಲೆ ಮಾಡಿಸೋಣ.

ಬಿಂದುಮಾಧವ


ನಾಸಿಕ, ೭ ಫೆಬ್ರುವರಿ

ನಮಸ್ಕಾರ.

ಆರ್ಡರು ಬಂತಲ್ಲ, ಇನ್ನು ಹೇಳಲಡ್ಡಿಯಿಲ್ಲ. ಸದ್ದು ಇಲ್ಲ! ಸಂಕ್ರಾಂತಿಯ ಮರುದಿನ ಬಟ್ಟೆ ಒಣಗಹಾಕುತ್ತಿದ್ದೆ, ಏನೋ ಕಡಿಮೆಯಾಗಿದೆ ಅನ್ನಿಸಿತು. ಕೈಯಲ್ಲಿದ್ದ ಸೀರೆ ಹಾಗೇ ಹಿಡಿದು ನಿಂತೆ. ಏನೂ ಇರಲಿಲ್ಲ. ಓಡಿ ಮೆಟ್ಟಿಲು ಹತ್ತಿ ಇಳಿದೆ, ಬರಲಿಲ್ಲ. ಎಡಗೈ ಗೆದ್ದಿತು. ಅವತ್ತೇ ಬರೆಯಬೇಕೆಂದು ಕೂತೆ. ಅರ್ಜಿ ನೆನಪಾಯಿತು. ವಿಚಾರಿಸಲು ಬಂದವರಿಗೂ ಸುಳ್ಳು ಹೇಳಿದೆ, ನಿಮಗೂ ಹೇಳಿದೆ. ಈಗ ಸಿಟ್ಟಾಗಬೇಡಿ. ನಿಮಗೆ ಬೇಕಾಗಿದ್ದ ಎರಡು ಶಬ್ದ ಕೊಟ್ಟೆ, ನೀವು ಬರುತ್ತಿದ್ದೀರಿ.

ತಲೆನೋವು ಮಾತ್ರ ಬಿಟ್ಟಿಲ್ಲ. ಅದೂ ಹೋಗುತ್ತದೆ.

ಮಂದಾಕಿನಿ


ಔರಂಗಾಬಾದ್, ೧೦ ಫೆಬ್ರುವರಿ

ಮಂದಾ,

ಬಸ್ಸಿಗೆ ಇನ್ನೂ ಹೊತ್ತಿದೆ. ಈ ಪತ್ರಕ್ಕಿಂತ ಮೊದಲು ನಾನೇ ನಿನ್ನ ಬಾಗಿಲಲ್ಲಿ ಇರುತ್ತೇನೆ. ಆದರೂ ಬರೆಯುತ್ತಿದ್ದೇನೆ. ಎದುರಿಗೆ ನಿಂತರೆ ನನಗೆ ಹೇಳಲಾಗುವುದಿಲ್ಲ, ಮುಂಬಯಿಯಲ್ಲೂ ಆಗಲಿಲ್ಲ.

ಡಾಕ್ಟರರು ಹೊರಗೆ ಕರೆದು ಹೇಳಿದ್ದು ಇದು: ಸದ್ದು ಇರುವವರೆಗೆ ಆ ರಕ್ತ ಹೊರಗಿನ ಅಗಲ ದಾರಿಯಲ್ಲೇ ಹೋಗುತ್ತಿದೆ ಎಂದು ತಿಳಿಯಿರಿ. ಅದು ಒಮ್ಮೆಲೇ ನಿಂತರೆ ಎರಡು ಅರ್ಥ. ಜೋಡು ಮುಚ್ಚಿರಬಹುದು. ಇಲ್ಲವೆ ಅಗಲ ದಾರಿಯೇ ಮುಚ್ಚಿ, ರಕ್ತ ಮೆದುಳಿನ ಸಣ್ಣ ನರಗಳಿಗೆ ತಿರುಗಿರಬಹುದು. ಅವು ಅಷ್ಟು ಒತ್ತಡ ತಡೆಯುವುದಿಲ್ಲ. ಕಿವಿಗೆ ಎರಡೂ ಒಂದೇ. ತಲೆನೋವು, ಕಣ್ಣು ಮಂಜು ಕಂಡರೆ ಕೂಡಲೇ ಕರೆತನ್ನಿ.

ನೀನು ಹೆದರಿ ಎಣಿಸುತ್ತ ಕೂಡಬಾರದೆಂದು ಮುಚ್ಚಿಟ್ಟೆ. ಸದ್ದು ಇದೆ ಎಂಬುದು ನನಗೆ ನೀನು ಇದ್ದೀ ಎಂಬುದಾಗಿತ್ತು. ಅರ್ಜಿಗೆ ಬೇಕು ಎಂದು ನೀನು ಓದಿದೆ. ಬಳೆಯ ಹಾಗೆ ಬೆಳಕು ಎಂದು ನೀನು ಬರೆದದ್ದನ್ನು ಸಂಜೆ ಓದಿ, ಚಸ್ಮಾ ಎಂದು ಮಲಗಿದೆ.

ಎಕ್ಸ್‌ಚೇಂಜಿಗೆ ಕಾಲ್ ಹಚ್ಚಿ ನಿನಗೆ ತಿಳಿಸಲು ಸುಮನ ಅವರಿಗೆ ಹೇಳಿದ್ದೇನೆ. ಯಾರು ಕೇಳಿದರೂ ಕೇಳಲಿ. ಕುತ್ತಿಗೆ ಒತ್ತಬೇಡ, ಭಾರ ಎತ್ತಬೇಡ. ಸಿಟ್ಟು ನನ್ನ ಮೇಲಿದ್ದರೆ ಅದನ್ನೂ ಸದ್ಯ ಮಾಡಬೇಡ.

ಬಿಂದು


ನಾಸಿಕ, ೧೪ ಮಾರ್ಚ್

ನಿಮಗೆ,

ಔರಂಗಾಬಾದಿನಲ್ಲಿ ಚಾರ್ಜು ಕೊಟ್ಟು ಬರಲು ಇನ್ನೂ ವಾರ ಬೇಕು ಎಂದಿರಿ. ಬರೀ ಅಷ್ಟಕ್ಕೆ ಪತ್ರ ಬೇಡ, ಆದರೂ ಒಂದು ಮಾತು ಬರೆದೇ ತಿಳಿಸಬೇಕು.

ಮುಂಬಯಿಯಲ್ಲಿ ಎರಡನೆಯ ಸಲ ಚಿತ್ರ ತೆಗೆದಾಗ ನೀವು ಹೊರಗಿದ್ದಿರಿ. ಒಳಗೆ ನಾನು ಪರದೆ ನೋಡುತ್ತಿದ್ದೆ. ಮೊದಲ ಸಲದ ಕರಿ ಗಿಡಕ್ಕೆ ಕೆಳಗಿನ ದಪ್ಪ ಕೊಂಬೆ ಇರಲಿಲ್ಲ. ಅದರ ಬದಲು ಮೇಲಕ್ಕೆ, ತಲೆಯ ಒಳಕ್ಕೆ, ಸಣ್ಣ ಹುಳುಗಳ ಹಾಗೆ ಸುತ್ತಿಕೊಂಡ ಗೆರೆಗಳು. ಸಂಕ್ರಾಂತಿಯಿಂದ ನಾನು ಸಂತೋಷಪಟ್ಟದ್ದು ಆ ಗೆರೆಗಳಿಗೆ. ಅವು ತುಂಬಿಕೊಳ್ಳುತ್ತಿದ್ದಾಗ ನಾನು ಎಳ್ಳುಂಡೆ ಕಟ್ಟುತ್ತಿದ್ದೆ.

ನಳಿಕೆಯ ತುದಿಯಿಂದ ಅಂಟು ಬಿಟ್ಟು ಜೋಡನ್ನು ಮುಚ್ಚಿದ ಮೇಲೆ ಇನ್ನೊಮ್ಮೆ ಔಷಧ ಬಿಟ್ಟು ತೋರಿಸಿದರು. ಹುಳುಗಳು ಇರಲಿಲ್ಲ. ಖಾಲಿ ಜಾಗಕ್ಕೆ ಬೆರಳು ಹಚ್ಚಿ, "ನೋಡಿ, ಇದೇ" ಎಂದರು ಡಾಕ್ಟರರು. ನಾನು ಬಹಳ ಹೊತ್ತು ನೋಡಿದೆ. ಅವತ್ತೂ ಕಿವಿಯಲ್ಲಿ ಸದ್ದು ಇರಲಿಲ್ಲ. ಹಿಂದಿನ ದಿನವೂ ಇರಲಿಲ್ಲ. ಸಾಯಿಸಬಹುದಾಗಿದ್ದ ಮೌನಕ್ಕೂ ಉಳಿಸಿದ ಮೌನಕ್ಕೂ ನಡುವೆ ನನ್ನ ಕಿವಿಗೆ ಎಳೆಯಷ್ಟು ವ್ಯತ್ಯಾಸ ತಿಳಿಯಲಿಲ್ಲ. ತಂತಿಯ ಆ ತುದಿಯಲ್ಲಿ ಯಾರು ಸುಮ್ಮನಿದ್ದಾರೆ ಎಂದು ಗುರುತಿಸಬಲ್ಲ ಕಿವಿ ಇದು.

ತಲೆನೋವು ಹೋಗಿದೆ. ದೀಪದ ಸುತ್ತ ಬಳೆ ಇಲ್ಲ. ಮುಂದಿನ ಚಿತ್ರ ಮಳೆಗಾಲ ಕಳೆದ ಮೇಲೆ. ಅಲ್ಲಿಯ ತನಕ ನೀವು ದಿನಾ ಕೇಳುತ್ತೀರಿ, ಹೇಗಿದ್ದೀ ಎಂದು. ಕೇಳದೆ ಇರಲಾರಿರಿ. ಆಗ ನಾನು ಇದೆ ಎಂದಾಗಲಿ, ಇಲ್ಲ ಎಂದಾಗಲಿ ಹೇಳುವುದಿಲ್ಲ. ಗೊತ್ತಿಲ್ಲ ಎನ್ನುತ್ತೇನೆ. ನೀವೂ ಗೊತ್ತಿಲ್ಲದಾಗ ಅಷ್ಟೇ ಹೇಳಬೇಕು, ಆದರೆ ಗೊತ್ತಿದ್ದದ್ದನ್ನು ಮುಚ್ಚಲು ಆ ಶಬ್ದ ಬಳಸಬೇಡಿ.

ಮಂದಾಕಿನಿ